ಸಿನಿಮಾ ಪ್ರಶ್ನೋತ್ತರ: ಬ್ರೂನೊನನ್ನು ಬೆಟ್ಟದಿಂದ ಇಳಿಸಬಹುದಿತ್ತೇ?

ಪ್ರಶ್ನೆ: ಇಟಲಿಯ ‘ಲೆ ಒಟ್ಟೊ ಮೊಂಟಾನ್ಯೆ’, ಅಂದರೆ ‘ಎಂಟು ಬೆಟ್ಟಗಳು’ ಚಿತ್ರವನ್ನು ಈಚೆಗೆ ನೋಡಿದೆ. ಕೊನೆಯಲ್ಲಿ ಬ್ರೂನೊ ಹಿಮ ಮುಚ್ಚಿದ ಬೆಟ್ಟದ ಮನೆಯಲ್ಲಿ ಒಬ್ಬನೇ ಉಳಿದು ಇಲ್ಲವಾಗುತ್ತಾನೆ. ಬಾಲ್ಯದ ಗೆಳೆಯ ಪಿಯೆತ್ರೊ ಅವನನ್ನು ಅಲ್ಲಿಯೇ ಬಿಟ್ಟು ಹೊರಟುಹೋಗಿರುತ್ತಾನೆ. ಇಡೀ ಚಿತ್ರದಲ್ಲಿ ಇಬ್ಬರೂ ಮನಸ್ಸು ಬಿಚ್ಚಿ ಮಾತನಾಡುವುದೇ ಅಪರೂಪ. ಇದನ್ನು ಸ್ನೇಹವೆಂದು ಹೇಗೆ ಕರೆಯುವುದು? ಪಿಯೆತ್ರೊ ಕೈಬಿಟ್ಟನೆಂದೇ ನನಗೆ ಅನಿಸಿತು.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಂಕಟ ನನಗೂ ಆದದ್ದೇ. ಆದರೆ ಆ ಚಳಿಗಾಲವೊಂದನ್ನೇ ಹಿಡಿದು ಪಿಯೆತ್ರೊನನ್ನು ತೂಗಿದರೆ ಚಿತ್ರ ತನ್ನ ಮೊದಲ ಅರ್ಧ ಗಂಟೆಯಲ್ಲಿ ತೋರಿಸಿದ್ದು ಕೈತಪ್ಪಿಹೋಗುತ್ತದೆ. 1984ರ ಬೇಸಿಗೆಯಲ್ಲಿ, ತುರಿನ್ ನಗರದಿಂದ ಆವೊಸ್ತಾ ಕಣಿವೆಯ ಹಳ್ಳಿಯೊಂದಕ್ಕೆ ಬಂದ ಪಿಯೆತ್ರೊ, ಆ ಹಳ್ಳಿಯಲ್ಲಿ ಉಳಿದಿದ್ದ ಒಬ್ಬನೇ ಹುಡುಗನಾದ, ಚಿಕ್ಕಪ್ಪನ ದನ ಕಾಯುತ್ತಿದ್ದ ಬ್ರೂನೊನನ್ನು ಕಾಣುತ್ತಾನೆ. ಮುಂದೆ ಪಿಯೆತ್ರೊನ ತಂದೆತಾಯಿ ಬ್ರೂನೊನನ್ನು ತುರಿನ್ನಿಗೆ ಕರೆದೊಯ್ದು ಓದಿಸಲು ಮುಂದಾದಾಗ, ಅದನ್ನು ವಿರೋಧಿಸಿ ಸಿಟ್ಟಾಗುವವನು ಪಿಯೆತ್ರೊನೇ. ನಗರಕ್ಕೆ ಬಂದರೆ ತನ್ನ ಗೆಳೆಯ ಕೆಟ್ಟುಹೋಗುತ್ತಾನೆಂಬುದು ಅವನ ಹೆದರಿಕೆ. ಅಷ್ಟರಲ್ಲಿ ಬ್ರೂನೊನ ಅಪ್ಪ ಮಗನನ್ನು ಗಾರೆ ಕೆಲಸಕ್ಕೆ ಎಳೆದುಕೊಂಡು ಹೋಗಿಬಿಡುತ್ತಾನೆ. ಬ್ರೂನೊ ಕೆಳಗಿಳಿದು ಬೇರೊಂದು ಬದುಕನ್ನು ಕಟ್ಟಿಕೊಳ್ಳಬಹುದಾಗಿದ್ದ ಬಾಗಿಲು ತೆರೆದದ್ದು ಆ ಒಂದು ಸಲ ಮಾತ್ರ. ಅದನ್ನು ಮುಚ್ಚಿದ್ದು ಹಿರಿಯರ ತೀರ್ಮಾನ ಮತ್ತು ಬಡತನ. ಚಿಕ್ಕ ಹುಡುಗನ ಮುಗ್ಧ ಸ್ವಾರ್ಥವೂ ಅದರ ಜೊತೆಗೆ ಸೇರಿಕೊಂಡಿತೆಂಬುದನ್ನು ಚಿತ್ರ ಅಡಗಿಸುವುದಿಲ್ಲ. ಅದಕ್ಕೇ ಪಿಯೆತ್ರೊ ಸಂಪೂರ್ಣ ನಿರ್ದೋಷಿ ಎಂದು ನಾನೂ ಹೇಳಲಾರೆ.

ಎರಡನೆಯ ಗಾಯ ಇನ್ನೂ ಆಳವಾದದ್ದು. ‘ನಿನ್ನ ಹಾಗೆ ನಾನಾಗುವುದಿಲ್ಲ’ ಎಂಬ ಹಟದಲ್ಲಿ ಪಿಯೆತ್ರೊ ತಂದೆಯಿಂದ ದೂರವಾದ ವರ್ಷಗಳಲ್ಲಿ, ಆ ತಂದೆಯ ಜೊತೆ ಬೆಟ್ಟ ಹತ್ತಿದವನು ಬ್ರೂನೊ. ಈ ವಿಷಯ ಮಗನಿಗೆ ತಿಳಿಯುವುದು ತಂದೆ ತೀರಿಹೋದ ಮೇಲೆ. ತಂದೆ ತಾನು ನಡೆದ ದಾರಿಗಳನ್ನೆಲ್ಲ ಗುರುತು ಹಾಕಿಟ್ಟ ನಕ್ಷೆಯ ಮುಂದೆ ಪಿಯೆತ್ರೊ ನಿಲ್ಲುವ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ತಾನು ನಡೆಯದೆ ಬಿಟ್ಟ ದಾರಿಯಲ್ಲಿ ತನ್ನ ಗೆಳೆಯ ತನ್ನ ಅಪ್ಪನಿಗೆ ಮಗನಾಗಿ ನಡೆದಿದ್ದನೆಂಬುದು ತಿಳಿದಾಗ ಹುಟ್ಟುವುದು ಕೃತಜ್ಞತೆಯೋ ಅಸೂಯೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಪಿಯೆತ್ರೊನ ಪಾತ್ರ ಮಾಡಿದ ಲೂಕಾ ಮರಿನೆಲ್ಲಿಯವರ ಮುಖದಲ್ಲಿ ಎರಡೂ ಇವೆ.

ಆ ಮೇಲೆ ಅವರು ಮಾತನಾಡಲಿಲ್ಲವೆಂದಿರಿ. ‘ಬಾರ್ಮಾ ದ್ರೋಲಾ’, ಅಂದರೆ ವಿಚಿತ್ರ ಬಂಡೆ ಎಂಬ ಹೆಸರಿನ ಜಾಗದಲ್ಲಿ, ಪಿಯೆತ್ರೊನ ತಂದೆ ಬಿಟ್ಟುಹೋದ ಹಾಳು ಗೋಡೆಗಳ ಮೇಲೆ ಇಬ್ಬರೂ ಒಂದು ಬೇಸಿಗೆಯಿಡೀ ಮನೆ ಕಟ್ಟುತ್ತಾರಲ್ಲ, ಅವರ ಮಾತೆಲ್ಲ ಅಲ್ಲಿದೆ. ಹಿರಿಯನಿಗೆ ಕೊಟ್ಟ ಮಾತನ್ನು ಬ್ರೂನೊ ನಡೆಸುತ್ತಾನೆ. ಕೆಲಸ ಬಾರದ ಪಿಯೆತ್ರೊ ಹೊರೆ ಹೊತ್ತು, ಹೇಳಿದ್ದನ್ನು ಮಾಡಿ, ನಿಧಾನವಾಗಿ ಕಲಿಯುತ್ತಾನೆ. ಕಲ್ಲಿನ ಮೇಲೆ ಕಲ್ಲನ್ನು ಕೂರಿಸುವಾಗ ಒಬ್ಬ ಹಿಡಿದು ಇನ್ನೊಬ್ಬ ಸರಿಪಡಿಸುವ ಆ ಲಯವನ್ನು ಗಮನಿಸಿದರೆ, ಕ್ಷಮೆ ಕೇಳುವುದು, ಕ್ಷಮಿಸುವುದು, ತಂದೆಯ ಸಾವಿಗೆ ಅಳುವುದು, ಎಲ್ಲವೂ ಆ ಗೋಡೆಯ ಜೊತೆಗೇ ಏಳುತ್ತಿರುವುದು ಕಾಣುತ್ತದೆ. ನಮ್ಮ ಊರುಗಳಲ್ಲಿಯೂ ಎಷ್ಟೋ ಗಂಡಸರು ತಮ್ಮ ಪ್ರೀತಿಯನ್ನು ಹೀಗೆ ಜೊತೆಯ ಕೆಲಸದಲ್ಲಿಯೇ ಹೇಳಿಕೊಂಡವರು.

ಕೊನೆಯ ಚಳಿಗಾಲದ ಹೊತ್ತಿಗೆ ಬ್ರೂನೊನ ಹಾಲು ಮತ್ತು ಚೀಸಿನ ಉದ್ಯೋಗ ಸಾಲದಲ್ಲಿ ಮುಳುಗಿದೆ, ಅವನ ಸಂಗಾತಿ ಲಾರಾ ಮಗಳೊಡನೆ ಬೇರೆಯಾಗಿದ್ದಾಳೆ. ಪಿಯೆತ್ರೊ ಸುಮ್ಮನೆ ಕುಳಿತಿರಲಿಲ್ಲ. ಹಿಮದಲ್ಲಿ ನಡೆದು ಮೇಲೆ ಹೋಗಿ ಕರೆದ, ಬ್ರೂನೊ ಬರಲಿಲ್ಲ. ಬೆಟ್ಟದವನಾಗಿರುವುದೊಂದನ್ನು ಬಿಟ್ಟು ಬೇರೇನೂ ತನಗೆ ಬಾರದೆಂದು ಒಬ್ಬ ನಂಬಿಬಿಟ್ಟ ಮೇಲೆ, ಗೆಳೆಯನಾದವನು ಮತ್ತೆ ಮತ್ತೆ ಹತ್ತಿ ಹೋಗಿ ಬಾಗಿಲು ತಟ್ಟಬಹುದು; ತೋಳು ಹಿಡಿದು ಎಳೆತರಲಾಗದು. ಅದನ್ನು ಕೈಬಿಡುವುದು ಎನ್ನಲು ನನಗೆ ಮನಸ್ಸು ಬಾರದು.

ಪ್ರಶ್ನೆ: ಇಷ್ಟು ವಿಶಾಲವಾದ ಪರ್ವತಗಳ ಚಿತ್ರವನ್ನು ಹಳೆಯ ಟಿ.ವಿ.ಯಂತೆ ಚೌಕದ ಹತ್ತಿರದ ಚೌಕಟ್ಟಿನಲ್ಲಿ ಏಕೆ ತೆಗೆದರು?
— ಓದುಗರೊಬ್ಬರು, ಮೈಸೂರು

ಉತ್ತರ: ಛಾಯಾಗ್ರಾಹಕ ರೂಬೆನ್ ಇಂಪೆನ್ಸ್ ಬಳಸಿದ್ದು 1.33:1 ಪ್ರಮಾಣದ ಚೌಕಟ್ಟು. ಬೆಟ್ಟದ ಗುಣ ಎತ್ತರ. ಅಗಲವಾದ ಚೌಕಟ್ಟು ಅದರ ನೆತ್ತಿಯನ್ನೋ ಬುಡವನ್ನೋ ಕತ್ತರಿಸಿ, ಪ್ರವಾಸದ ಚಿತ್ರಪಟದಂತೆ ಸಾಲು ಶಿಖರಗಳನ್ನು ಹರಡುತ್ತದೆ. ಇಲ್ಲಿ ಕಣ್ಣು ಕೆಳಗಿನಿಂದ ಮೇಲಕ್ಕೆ ಹತ್ತಬೇಕಾಗುತ್ತದೆ. ಇನ್ನೊಂದು ಲಾಭವೂ ಇದೆ. ಇಬ್ಬರು ಚೌಕಟ್ಟಿನೊಳಗೆ ಬಂದರೆ ಪಕ್ಕಪಕ್ಕವೇ ನಿಲ್ಲಬೇಕು; ಒಬ್ಬನಿಲ್ಲದಿದ್ದರೆ ಆ ಖಾಲಿ ಜಾಗ ಥಟ್ಟನೆ ಕಾಣುತ್ತದೆ. ‘ಪ್ರಕೃತಿ’ ಎಂಬ ಮಾತು ಪಟ್ಟಣದವರದು, ನಮಗಿರುವುದು ಕಾಡು, ಹುಲ್ಲುಗಾವಲು, ಹಳ್ಳ, ಬಂಡೆ ಎಂಬರ್ಥದಲ್ಲಿ ಬ್ರೂನೊ ಹೇಳುತ್ತಾನಲ್ಲ, ಕ್ಯಾಮೆರಾ ಕೂಡ ಅವನ ಆ ಮಾತಿಗೆ ನಿಷ್ಠವಾಗಿದೆ.

ಪ್ರಶ್ನೆ: ಎಂಟು ಬೆಟ್ಟಗಳು ಯಾವುವು? ಮೂಲ ಕಥೆ ಓದಲು ಸಿಗುತ್ತದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಮ್ಮ ಪುರಾಣಗಳಿಂದ ನಮಗೆಲ್ಲ ಪರಿಚಿತವಾದ ಮೇರುವೇ ಇಲ್ಲಿಯೂ ನಡುವೆ ನಿಂತಿದೆ. ಪಿಯೆತ್ರೊ ನೇಪಾಳದಲ್ಲಿ ಕೇಳಿದ ಕಲ್ಪನೆಯಂತೆ ಲೋಕದ ಮಧ್ಯದಲ್ಲಿ ಸುಮೇರು, ಸುತ್ತ ಎಂಟು ಬೆಟ್ಟಗಳು ಮತ್ತು ಎಂಟು ಸಮುದ್ರಗಳು. ಎಂಟನ್ನೂ ಸುತ್ತಿದವನು ಹೆಚ್ಚು ಕಲಿತನೋ, ಸುಮೇರುವಿನ ನೆತ್ತಿ ಹತ್ತಿದವನು ಹೆಚ್ಚು ಕಲಿತನೋ ಎಂಬುದು ಪ್ರಶ್ನೆ. ಬ್ರೂನೊ ನಡುವಿನ ಬೆಟ್ಟವನ್ನು ಬಿಟ್ಟು ಕದಲದವನು, ಪಿಯೆತ್ರೊ ಸುತ್ತುವವನು.

ಕಥೆಯ ಮೂಲ ಪಾವೊಲೊ ಕೊನ್ಯೆತ್ತಿಯವರ 2016ರ ಕಾದಂಬರಿ. ಅದಕ್ಕೆ 2017ರಲ್ಲಿ ಇಟಲಿಯ ಸ್ತ್ರೇಗಾ ಪ್ರಶಸ್ತಿ ಬಂದಿತು. ಇಂಗ್ಲಿಷ್ ಅನುವಾದ ಲಭ್ಯವಿದೆ. ಬೆಲ್ಜಿಯಂನ ಫೆಲಿಕ್ಸ್ ವಾನ್ ಗ್ರೋನಿಂಗೆನ್ ಮತ್ತು ಶಾರ್ಲೊಟ್ ವಾಂಡರ್‌ಮೀರ್ಶ್ ನಿರ್ದೇಶಿಸಿದ ಚಿತ್ರ 2022ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. ಪುಸ್ತಕ ಓದುವಾಗ ‘ಬೆರಿಯೊ’ ಎಂಬ ಹೆಸರನ್ನು ಗಮನಿಸಿ. ಅಲ್ಲಿಯ ಆಡುಮಾತಿನಲ್ಲಿ ಕಲ್ಲು ಎಂದು ಅದರ ಅರ್ಥ. ಪಿಯೆತ್ರೊನನ್ನು ಹಾಗೆ ಕರೆಯುತ್ತಿದ್ದವನು ಬ್ರೂನೊ.