ಉಪರಾಷ್ಟ್ರಪತಿಯಾಗುವ ಮೊದಲು ಬಿ.ಡಿ. ಜತ್ತಿಯವರು ಶಾಸಕರಾಗಿ ಮಾಡಿದ್ದೇನು? ಅವರನ್ನು ಪ್ರಗತಿಪರರೆನ್ನಬಹುದೇ?

ನೀವು ಒಟ್ಟಿಗೆ ಎರಡು ಸಂಗತಿಗಳನ್ನು ಕೇಳಿದ್ದೀರಿ. ಬಸಪ್ಪ ದಾನಪ್ಪ ಜತ್ತಿಯವರನ್ನು ಪ್ರಗತಿಪರ ಶಾಸಕರೆಂದು ಕರೆಯುವುದು ಸರಿಯೇ ಎಂಬುದು ಒಂದು. ಅಥಣಿ ತಾಲ್ಲೂಕಿನಲ್ಲಿ ಬೇರೆಯವರ ಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ, ಮಾಡುತ್ತಿದ್ದ ನಿಮ್ಮ ಅಜ್ಜನವರಿಗೆ ಜತ್ತಿಯವರ ಕಾಲದ ಕಾಯಿದೆಯಿಂದ ಏನೂ ಸಿಗದೆ, ದೇವರಾಜ ಅರಸರ ಕಾಲದಲ್ಲಿ ಮತ್ತೆ ಅರ್ಜಿ ಹಾಕಬೇಕಾಗಿ ಬಂದದ್ದು ಏಕೆ ಎಂಬುದು ಇನ್ನೊಂದು. ನಾನು ಜಮಖಂಡಿಯಲ್ಲಿ ಕಂದಾಯ ಮತ್ತು ಜಮೀನಿನ ವ್ಯಾಜ್ಯಗಳನ್ನು ನಡೆಸುವ ವಕೀಲ. ಹಾಗಾಗಿ ಎರಡನೆಯ ಪ್ರಶ್ನೆಯ ಜಾಡು ಹಿಡಿದೇ ಮೊದಲನೆಯದನ್ನು ತಲುಪುವುದು ನನಗೆ ಸುಲಭ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅವರು ಪ್ರಗತಿಪರರೇ ಹೌದು, ಆದರೆ ಸದನ ಎಷ್ಟನ್ನು ಒಪ್ಪುತ್ತದೆಯೋ ಅಷ್ಟನ್ನು ಮಾತ್ರ ಕಾಯಿದೆಗೆ ಇಳಿಸುವ ಪ್ರಗತಿಪರರು.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಆಗ ಜಮಖಂಡಿ ಎಂಬುದು ಪಟವರ್ಧನರ ಆಳ್ವಿಕೆಯ ಒಂದು ಚಿಕ್ಕ ಸಂಸ್ಥಾನ. ವಿಜಯಪುರದಲ್ಲಿ ಶಾಲೆ, ಕೊಲ್ಹಾಪುರದಲ್ಲಿ ಕಾಲೇಜು ಮತ್ತು ಕಾನೂನು ಶಿಕ್ಷಣ ಮುಗಿಸಿ ಊರಿಗೆ ಮರಳಿದ ಅವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಅಲ್ಲಿಂದ ಸಂಸ್ಥಾನದ ಶಾಸನಸಭೆಗೆ, ಮಂತ್ರಿಪದವಿಗೆ, 1948ರಲ್ಲಿ ದಿವಾನಗಿರಿಗೆ ಏರಿದರು. ಆ ವರ್ಷದ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ, ವಿಲೀನಕ್ಕೆ ಕೆಲಸ ಮಾಡಿದ ದಿವಾನರೇ ಹುದ್ದೆ ಕಳೆದುಕೊಂಡು ಮರಳಿ ವಕೀಲಿಗೆ ಕುಳಿತರು. ಮುಂದೆ ವಿಲೀನ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡು, ಅಲ್ಲಿನ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಬಳಿಕ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾಗಿ 1956ರವರೆಗೆ ಇದ್ದರು.

ಈ 1956ರ ಇಸವಿಯೇ ನಿಮ್ಮ ಅಜ್ಜನವರ ಪ್ರಕರಣದ ಬುಡ. ಮುಂಬಯಿ ಪ್ರಾಂತದಲ್ಲಿ 1948ರ ಕುಳ ಕಾಯಿದೆ (ನಮ್ಮ ಕಡೆ ಕುಳ ಎಂದರೆ ಗೇಣಿದಾರ) ಮೊದಲಿನಿಂದ ಜಾರಿಯಲ್ಲಿತ್ತು. ಅದಕ್ಕೆ 1956ರಲ್ಲಿ ಬಂದ ದೊಡ್ಡ ತಿದ್ದುಪಡಿಯ ಪ್ರಕಾರ, 1957ರ ಏಪ್ರಿಲ್ 1ರಂದು ಹೊಲದಲ್ಲಿ ಇರುವ ಕುಳ ಆ ಹೊಲವನ್ನು ಖರೀದಿ ಮಾಡಿದಂತೆಯೇ ಎಂದು ಭಾವಿಸಬೇಕಿತ್ತು. ಬೆಲೆಯನ್ನು ಆಮೇಲೆ ಕಂತಿನಲ್ಲಿ ಕಟ್ಟಿದರೆ ಸಾಕಿತ್ತು. ಆದರೆ ಅದಕ್ಕೆ ಐದು ತಿಂಗಳು ಮೊದಲೇ, 1956ರ ನವೆಂಬರ್ 1ರಂದು, ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಬರುವವರೆಗೆ ಇರಲಿ ಎಂದು ಹೊಸ ಸರ್ಕಾರ ಆ ಖರೀದಿ ಕಲಮುಗಳನ್ನು ನಮ್ಮ ಜಿಲ್ಲೆಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಗಡಿಯಾಚೆಯ ಜತ್ತ ತಾಲ್ಲೂಕಿನ ಕುಳನಿಗೆ ಮಾಲೀಕತ್ವದ ದಾರಿ ತೆರೆದ ದಿನವೇ ಈಚೆ ಅಥಣಿಯ ಕುಳನಿಗೆ ಅದು ಮುಚ್ಚಿತು. ಏಕೀಕರಣವಾಗಿ ಕನ್ನಡದವರೆಲ್ಲ ಒಂದಾದದ್ದರ ಲಾಭಗಳನ್ನು ಎಣಿಸುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಆ ಏಕರೂಪದ ಕಾಯಿದೆ ಹೇಗಿರಬೇಕೆಂದು ಸೂಚಿಸಲು 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು ಎಂದು ಐದು ಕಡೆಯಿಂದ ಬಂದ ಪ್ರದೇಶಗಳಲ್ಲಿ ಐದು ಬಗೆಯ ಗೇಣಿ ಪದ್ಧತಿಗಳೂ ಅಷ್ಟೇ ಬಗೆಯ ದಫ್ತರಗಳೂ ಇದ್ದವು. ಅವುಗಳನ್ನೆಲ್ಲ ಒಂದು ಕಟ್ಟಿಗೆ ತರುವ ಕೆಲಸ ಅದು. ಮರುವರ್ಷ ಮೇ 16ರಂದು, ನಿಜಲಿಂಗಪ್ಪನವರು ರಾಜೀನಾಮೆ ಕೊಟ್ಟ ಮೇಲೆ, ಟಿ. ಸುಬ್ರಹ್ಮಣ್ಯ ಅವರಂಥ ಹಿರಿಯರ ಪೈಪೋಟಿಯ ನಡುವೆ ಪಕ್ಷದ ನಾಯಕರಾಗಿ ಆಯ್ಕೆಯಾದ ಜತ್ತಿಯವರು ಮುಖ್ಯಮಂತ್ರಿಯಾದರು. ಮುಂಬಯಿ ಕರ್ನಾಟಕದಿಂದ ಆ ಪದವಿಗೆ ಬಂದ ಮೊದಲಿಗರು ಅವರೇ. ವರದಿ ಕೊಟ್ಟವರ ಕೈಗೇ ಅದನ್ನು ಜಾರಿಗೆ ತರುವ ಅಧಿಕಾರವೂ ಬಂದದ್ದು ನಮ್ಮ ರಾಜ್ಯದಲ್ಲಿ ಹೆಚ್ಚು ಸಲ ನಡೆದ ಸಂಗತಿಯಲ್ಲ.

ಅದೇ ವರ್ಷ ಮಸೂದೆ ಮಂಡನೆಯಾಯಿತು. ಅದು ಜಂಟಿ ಸಮಿತಿ, ಚರ್ಚೆ, ತಿದ್ದುಪಡಿಗಳನ್ನು ದಾಟಿ 1961ರಲ್ಲಿ ಅಂಗೀಕಾರವಾಯಿತು. 1962ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾಯಿದೆಯಲ್ಲಿ ಒಳ್ಳೆಯದು ಇರಲಿಲ್ಲವೆಂದಲ್ಲ. ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗಿಂತ ಹೆಚ್ಚು ಗೇಣಿ ಕೇಳುವಂತಿಲ್ಲ ಎಂದಿತ್ತು. ಅರ್ಧಕ್ಕರ್ಧ ಪಾಲು ಕೊಟ್ಟು ರೂಢಿಯಾಗಿದ್ದವರಿಗೆ ಇದು ದೊಡ್ಡ ಮಾತು. ಮನಸ್ಸಿಗೆ ಬಂದಾಗ ಕುಳನನ್ನು ಬಿಡಿಸುವ ಹಾಗಿರಲಿಲ್ಲ. ಆದರೆ ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಮಾಲೀಕ ಜಮೀನಿನ ಒಂದು ಭಾಗವನ್ನು ಮರಳಿ ಪಡೆಯಬಹುದಿತ್ತು. ಹಿಡುವಳಿಯ ಮಿತಿಯನ್ನು 27 ಸ್ಟ್ಯಾಂಡರ್ಡ್ ಎಕರೆ (ಭೂಮಿಯ ದರ್ಜೆ ನೋಡಿ ಲೆಕ್ಕ ಹಾಕುವ ಎಕರೆ) ಎಂದು ಇಟ್ಟಿದ್ದರು, ಆದರೆ ಒಣಬೇಸಾಯದ ಕಡೆ ದರ್ಜೆಯ ಭೂಮಿಯಲ್ಲಿ ಅದು 216 ಎಕರೆಯವರೆಗೆ ಹೋಗುತ್ತಿತ್ತು. ನಮ್ಮ ಬಿಳಿಜೋಳದ ಸೀಮೆಯಲ್ಲಿ ಅಷ್ಟು ಹೊಲ ಇದ್ದವನನ್ನು ಯಾರೂ ಸಣ್ಣ ರೈತ ಎನ್ನುತ್ತಿರಲಿಲ್ಲ.

ಇವೆಲ್ಲಕ್ಕಿಂತ ಕುಳಗಳಿಗೆ ಪೆಟ್ಟು ಕೊಟ್ಟದ್ದು 1958ರಿಂದ 1965ರವರೆಗಿನ ಕಾಲಾವಧಿ. ಕಾಯಿದೆ ಬರುತ್ತದೆ ಎಂಬ ಸುದ್ದಿ ಇತ್ತು, ಕಾಯಿದೆ ಇರಲಿಲ್ಲ. ಆ ಅವಧಿಯಲ್ಲಿ ಏನು ನಡೆಯಿತೆಂಬುದಕ್ಕೆ ಜಮೀನಿನ ಹಕ್ಕು ಬದಲಾದದ್ದನ್ನು ಬರೆದಿಡುವ ನಮ್ಮ ಭಾಗದ ಹಳೆಯ ಡೈರಿ ಪುಸ್ತಕಗಳೇ ಸಾಕ್ಷಿ. ನಾನು ನಡೆಸಿದ ಒಂದು ವಾಟ್ನಿ (ಆಸ್ತಿ ಪಾಲಿನ) ದಾವೆಯಲ್ಲಿ ಅಂಥದೊಂದು ನಕಲು ಕೈಗೆ ಬಂದಿತ್ತು. ಮೊದಲಿನ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಇತರ ಹಕ್ಕಿನ ಕಾಲಮಿನಲ್ಲಿ ಒಬ್ಬನ ಹೆಸರು, ಅದರ ಪಕ್ಕ ಸಾದಾ ಕುಳ ಎಂಬ ನಮೂದು. ಕೆಲವು ವರ್ಷಗಳ ನಂತರದ ಡೈರಿಯಲ್ಲಿ, ಸದರಿ ಕುಳನು ತನ್ನ ಖುಷಿಯಿಂದ ರಾಜೀನಾಮೆ ಕೊಟ್ಟಿದ್ದರಿಂದ ಹೆಸರು ಕಮಿ ಮಾಡಿದೆ ಎಂಬ ಎರಡು ಸಾಲು, ಕೆಳಗೆ ಹೆಬ್ಬೆಟ್ಟಿನ ಗುರುತು, ತಲಾಠಿಯ (ಗ್ರಾಮ ಲೆಕ್ಕಿಗನ) ಸಹಿ. ಸಾಕ್ಷಿದಾರರಿಬ್ಬರೂ ಮಾಲೀಕನ ಮನೆತನದವರೇ. ವಿಶೇಷವೆಂದರೆ ಅದೇ ಕುಟುಂಬ ಆಮೇಲೆಯೂ ಅದೇ ಹೊಲವನ್ನು ಪಾಲಿಗೆ ಮಾಡುತ್ತಲೇ ಇತ್ತು, ಕಾಗದದಲ್ಲಿ ಮಾತ್ರ ಇರಲಿಲ್ಲ. ಗೇಣಿ ಬಿಟ್ಟುಕೊಡುವ ಇಂಥ ಖುಷಿ ರಾಜೀನಾಮೆಗಳು ಎಷ್ಟು ಖುಷಿಯಿಂದ ಬಂದವೆಂದು ನಮ್ಮ ಕಡೆಯ ಹಿರಿಯರನ್ನು ಕೇಳಬೇಕು. ಇದೇ ಅವಧಿಯಲ್ಲಿ ದೊಡ್ಡ ಮನೆತನಗಳಲ್ಲಿ ವಾಟ್ನಿಗಳೂ ಚುರುಕಾದವು. ಮಿತಿ ಲೆಕ್ಕ ಹಾಕುವ ದಿನ ಬಂದಾಗ ಒಂದೇ ಹಿಡುವಳಿ ನಾಲ್ಕು ಹೆಸರುಗಳಲ್ಲಿ ಹಂಚಿಹೋಗಿರುತ್ತಿತ್ತು.

ಇದಕ್ಕೆಲ್ಲ ಜತ್ತಿಯವರೇ ಹೊಣೆಯೇ? ಅರ್ಧ ಹೌದು ಎನ್ನುತ್ತೇನೆ. ಮುಖ್ಯಮಂತ್ರಿಯಾಗಿದ್ದ ನಾಲ್ಕು ವರ್ಷಗಳಲ್ಲಿ, ಮಸೂದೆ ಸದನದಲ್ಲಿರುವಾಗ ರಾಜೀನಾಮೆಗಳನ್ನು ತಡೆಯುವ ಬಿಗಿಯಾದ ಕ್ರಮ ಅವರಿಂದ ಬರಬಹುದಿತ್ತು. ಉಳಿದರ್ಧ, ಅವರ ಎದುರಿಗೆ ಕುಳಿತಿದ್ದ ಸದನದ್ದು. ಆಗಿನ ವಿಧಾನಸಭೆಯಲ್ಲಿ ಭೂಮಾಲೀಕ ಮನೆತನಗಳವರೇ ಆಡಳಿತ ಪಕ್ಷದ ಬೆನ್ನೆಲುಬಾಗಿದ್ದರು. 1951ರ ಕಾಗೋಡು ಸತ್ಯಾಗ್ರಹದ ಕಾವು ಮಲೆನಾಡಿನಲ್ಲಿ ಇತ್ತೇ ಹೊರತು ನಮ್ಮ ಬಯಲುಸೀಮೆಯಲ್ಲಿ ಅಂಥ ಗೇಣಿದಾರರ ಸಂಘಟನೆ ಬೆಳೆದಿರಲಿಲ್ಲ. ಹೊರಗಿನ ಒತ್ತಡವಿಲ್ಲದೆ ಒಳಗಿನವರನ್ನು ಒಪ್ಪಿಸಿ ಕಾಯಿದೆ ಮಾಡಬೇಕಾದವರು ಎಲ್ಲರೂ ಸಹಿ ಹಾಕುವಂಥದ್ದನ್ನೇ ಬರೆಯುತ್ತಾರೆ. ಜತ್ತಿಯವರ ಸ್ವಭಾವವೂ ಅದಕ್ಕೆ ಒಗ್ಗುವಂಥದ್ದೇ ಆಗಿತ್ತು, ಜಗಳವಾಡಿ ಗೆಲ್ಲುವ ರಾಜಕಾರಣ ಅವರದಲ್ಲ.

ಭೂಮಿಯ ವಿಷಯ ಬಿಟ್ಟರೆ ಅವರ ಅವಧಿಯ ಎರಡು ಸಂಗತಿಗಳನ್ನು ನೋಡಬೇಕು. 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಗ್ರಾಮಕ್ಕೆ ಪಂಚಾಯತಿಯನ್ನೂ ತಾಲ್ಲೂಕಿಗೆ ಜನರಿಂದ ನೇರವಾಗಿ ಚುನಾಯಿತವಾದ ಬೋರ್ಡನ್ನೂ ಕೊಟ್ಟಿತು. ಪರಿಶಿಷ್ಟ ಜಾತಿಯವರಿಗೂ ಹೆಂಗಸರಿಗೂ ಅದರಲ್ಲಿ ಸ್ಥಾನಗಳನ್ನು ಕಾದಿರಿಸಲಾಗಿತ್ತು. ಜಿಲ್ಲಾ ಮಟ್ಟದ ಪರಿಷತ್ತು ಮಾತ್ರ ಸಲಹೆ ಕೊಡುವುದಕ್ಕಷ್ಟೇ ಉಳಿಯಿತು. ಇನ್ನೊಂದು, 1960ರಲ್ಲಿ ನೇಮಕವಾದ ನಾಗನಗೌಡ ಸಮಿತಿ. ಹಿಂದುಳಿದ ವರ್ಗಗಳನ್ನು ಗುರುತಿಸಲು ನೇಮಿಸಿದ ಈ ಸಮಿತಿ 1961ರಲ್ಲಿ ವರದಿ ಕೊಟ್ಟಿತು. ಜತ್ತಿಯವರ ಸಮುದಾಯವೇ ಆದ ಲಿಂಗಾಯತರನ್ನು ಅದು ಹಿಂದುಳಿದವರ ಪಟ್ಟಿಯಲ್ಲಿ ಸೇರಿಸಲಿಲ್ಲ. ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಒಟ್ಟು ಶೇಕಡ 68ರಷ್ಟು ಮೀಸಲಾತಿ ನೀಡಿದ 1962ರ ಜುಲೈ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ರದ್ದುಗೊಳಿಸಿದಾಗ ಜತ್ತಿಯವರು ಮುಖ್ಯಮಂತ್ರಿಯಾಗಿರಲಿಲ್ಲ ಎಂಬುದು ನಿಜ. ಆದರೂ ಬಸವತತ್ವವನ್ನು ಜೀವನವಿಡೀ ಆಡಿದ, 1964ರಲ್ಲಿ ಬಸವ ಸಮಿತಿಯನ್ನೇ ಸ್ಥಾಪಿಸಿದ ನಾಯಕರ ಪ್ರಗತಿಪರತೆಯನ್ನು ಅಳೆಯುವವರು ಈ ಪ್ರಸಂಗವನ್ನು ಬದಿಗಿಟ್ಟು ಮುಂದೆ ಹೋಗಬಾರದು.

1962ರ ಚುನಾವಣೆಯಲ್ಲಿ ಜಮಖಂಡಿಯಿಂದ ಮತ್ತೆ ಗೆದ್ದರೂ ಅವರು ಮುಖ್ಯಮಂತ್ರಿಯಾಗಲಿಲ್ಲ. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪನವರ ದಾರಿ ಕಾಯುತ್ತ ಹುನಗುಂದದ ಎಸ್.ಆರ್. ಕಂಠಿಯವರು ಕೆಲವು ತಿಂಗಳು ಆ ಸ್ಥಾನದಲ್ಲಿದ್ದರು. ಜೂನ್‌ನಲ್ಲಿ ನಿಜಲಿಂಗಪ್ಪನವರು ಮರಳಿದ ಮೇಲೆ ಅವರ ಸಂಪುಟದಲ್ಲಿ ಜತ್ತಿಯವರು ಹಣಕಾಸು ಮಂತ್ರಿಯಾದರು. ಮುಖ್ಯಮಂತ್ರಿಯಾಗಿದ್ದವರು ಮತ್ತೊಬ್ಬರ ಕೈಕೆಳಗೆ ಮಂತ್ರಿಯಾಗಿ ಕೂರುವುದನ್ನು ಅವರು ದೊಡ್ಡದು ಮಾಡಿದಂತೆ ಕಾಣುವುದಿಲ್ಲ. 1967ರಲ್ಲೂ ಅದೇ ಕ್ಷೇತ್ರದಿಂದ ಆಯ್ಕೆಯಾದರು. 1968ರಲ್ಲಿ ಪುದುಚೇರಿಯ ಉಪರಾಜ್ಯಪಾಲರಾಗಿ ಹೋದಾಗ ಅವರ ಶಾಸಕ ಜೀವನ ಮುಗಿಯಿತು. ಆಮೇಲೆ ಒಡಿಶಾದ ರಾಜ್ಯಪಾಲರಾದರು, 1974ರ ಆಗಸ್ಟ್ 31ರಿಂದ ಉಪರಾಷ್ಟ್ರಪತಿಯಾದರು. ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದ ಬಳಿಕ 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆ ಏಪ್ರಿಲ್‌ನಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಾಗ ಅವರು ಕೂಡಲೇ ಸಹಿ ಹಾಕದೆ ತಡೆದು, ಆಮೇಲೆ ಹಾಕಿದರು. ಅದನ್ನು ಕಾಂಗ್ರೆಸ್ಸಿನ ಮೇಲಿನ ನಿಷ್ಠೆ ಎಂದವರೇ ಹೆಚ್ಚು. ಆದರೆ ಎರಡು ದಶಕ ಸದನಗಳಲ್ಲಿ ಕಳೆದ ಒಬ್ಬರಿಗೆ ಒಂದೇ ಸಹಿಯಿಂದ ಒಂಬತ್ತು ಸದನಗಳನ್ನು ಮುಗಿಸುವುದು ಕಷ್ಟವಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ. 2002ರ ಜೂನ್ 7ರಂದು ಅವರು ತೀರಿಕೊಂಡರು.

ಇನ್ನು ಅರಸರ ಕಾಲದ ಅರ್ಜಿಯ ವಿಷಯ. ಜನ ಅರಸು ಕಾಯಿದೆ ಎನ್ನುವುದು ಬೇರೆ ಕಾಯಿದೆಯಲ್ಲ, 1961ರದಕ್ಕೇ ಮಾಡಿದ ತಿದ್ದುಪಡಿ. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನದಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು, ಎಂದರೆ ಸರ್ಕಾರದ ಒಡೆತನಕ್ಕೆ ಬಂದವು. ಮಿತಿ ಹತ್ತು ಯೂನಿಟ್‌ಗೆ, ಎಂದರೆ ಒಣಭೂಮಿಯಲ್ಲಿ 54 ಎಕರೆಗೆ ಇಳಿಯಿತು. ಸ್ವಂತ ಸಾಗುವಳಿಯ ನೆಪಕ್ಕೆ ಅವಕಾಶ ಉಳಿಯಲಿಲ್ಲ. ತೀರ್ಮಾನ ಮಾಡಲು ತಾಲ್ಲೂಕಿನಲ್ಲೇ ಭೂ ನ್ಯಾಯಮಂಡಳಿಗಳು ಬಂದವು. ಅಲ್ಲಿ ನಮ್ಮಂಥ ವಕೀಲರಿಗೆ ಪ್ರವೇಶವಿರಲಿಲ್ಲ, ಕುಳಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಆ ಜಮೀನಿನ ಒಡೆತನ ಕೋರಿ ಕುಳಗಳು ನಮೂನೆ 7ರಲ್ಲಿ ಅರ್ಜಿ ಕೊಡುವ ಅವಧಿಯನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಗಿತ್ತು. ಕಾಗದದಿಂದ ಹೆಸರು ಕಮಿಯಾದ ಮೇಲೂ ಹೊಲದಲ್ಲೇ ಉಳಿದ ಕುಟುಂಬಗಳು ಇಲ್ಲಿ ನೆರೆಹೊರೆಯವರ ಹೇಳಿಕೆಯ ಬಲದಿಂದ ಗೆದ್ದದ್ದುಂಟು. ಹೊಲ ಬಿಟ್ಟು ಹೋದವರಿಗೆ ಸಾಮಾನ್ಯವಾಗಿ ಏನೂ ದಕ್ಕಲಿಲ್ಲ.

ನಿಮ್ಮ ಅಜ್ಜನವರು ಈ ಎರಡರಲ್ಲಿ ಯಾವ ಗುಂಪಿನವರೆಂದು ತಿಳಿಯಬೇಕಾದರೆ ಅಥಣಿ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಸರ್ವೆ ನಂಬರಿನ 1957ರಿಂದ 1974ರವರೆಗಿನ ಕೈಬರಹದ ಉತಾರಗಳನ್ನೂ ಡೈರಿಗಳನ್ನೂ ನಕಲಿಗೆ ಕೇಳಿ. ಜೊತೆಗೆ ಭೂ ನ್ಯಾಯಮಂಡಳಿಯ ಕಡತದಿಂದ ನಮೂನೆ 7 ಮತ್ತು ಆದೇಶದ ದೃಢೀಕೃತ ಪ್ರತಿಗೂ ಅರ್ಜಿ ಹಾಕಿ. ಸರ್ವೆ ನಂಬರಿಗೆ ಹಿಸ್ಸೆಗಳಾಗಿದ್ದರೆ ಹಳೆಯ ನಂಬರನ್ನೇ ಬರೆಯಿರಿ. ಇಲ್ಲವಾದರೆ ಕಡತ ಸಿಗಲಿಲ್ಲ ಎಂಬ ಹಿಂಬರಹ ಕೊಟ್ಟು ಕಳಿಸುತ್ತಾರೆ.