ಸಲ್ಫೇಟ್‌ಗೆ ಆ ಎರಡು ಮೈನಸ್ ಎಲ್ಲಿಂದ ಬಂತು?

ಪ್ರಶ್ನೆ: ಸರ್, ಸಲ್ಫರ್ ವೇಲೆನ್ಸಿ 2, ಆಕ್ಸಿಜನ್‌ದೂ 2. ಕೂಡಿದ್ರೂ ಕಳೆದ್ರೂ ಎಸ್‌ಓ₄ ಅಂದ್ರೆ ಸಲ್ಫೇಟ್‌ಗೆ 2 ಬರ್ತಾನೇ ಇಲ್ಲ.
(ಹತ್ತನೇ ಕ್ಲಾಸ್, ಚನ್ನಗಿರಿ)

ಪರೀಕ್ಷೆ ಹತ್ರ ಬಂತು ಅಂದ್ರೆ ದಾವಣಗೆರೆ ಸುತ್ತಮುತ್ತಲಿಂದ ಇದೇ ಪ್ರಶ್ನೆ. ತಮ್ಮಾ, ಆ ಕೂಡಿ ಕಳೆಯೋದನ್ನ ಮೊದ್ಲು ಬಿಡು. ಒಂದೊಂದು ಪರಮಾಣುವಿನ ವೇಲೆನ್ಸಿ, ಅಂದ್ರೆ ಅದು ಎಷ್ಟು ಬಾಂಡ್ ಕಟ್ಟುತ್ತೆ ಅನ್ನೋದು, ಗುಂಪಿನೊಳಗಿನ ಬಾಂಡ್‌ಗೇ ಖರ್ಚಾಗಿರುತ್ತೆ, ನಿನಗೆ ಬೇಕಾಗಿರೋದು ಇಡೀ ಗುಂಪು ಎಷ್ಟು ಎಲೆಕ್ಟ್ರಾನ್ ಹೆಚ್ಚಿಗೆ ಇಟ್ಕೊಂಡಿದೆ ಅನ್ನೋದು. ಆ ಗುಂಪು ಯಾವ ಆ್ಯಸಿಡ್‌ನಿಂದ ಬಂತು ನೋಡು. ಸಲ್ಫ್ಯೂರಿಕ್ ಆ್ಯಸಿಡ್ ಎಚ್₂ಎಸ್‌ಓ₄ ಒಳಗಿಂದ ಎರಡು ಹೈಡ್ರೋಜನ್ ತಮ್ಮ ಎಲೆಕ್ಟ್ರಾನ್ ಅಲ್ಲೇ ಬಿಟ್ಟು ಹೋಗ್ತಾವೆ, ಅದೇ ಮೈನಸ್ 2 ಚಾರ್ಜ್. ನೈಟ್ರಿಕ್ ಆ್ಯಸಿಡ್‌ನಲ್ಲಿ ಒಂದೇ ಹೈಡ್ರೋಜನ್, ನೈಟ್ರೇಟ್ 1. ಫಾಸ್ಫಾರಿಕ್‌ನಲ್ಲಿ ಮೂರು, ಫಾಸ್ಫೇಟ್ 3. ಅಮೋನಿಯಂ ಮಾತ್ರ ಉಲ್ಟಾ, ಅಮೋನಿಯಾಗೆ ಒಂದು ಎಚ್ ಪ್ಲಸ್ (ಎಲೆಕ್ಟ್ರಾನ್ ಕಳಕೊಂಡ ಹೈಡ್ರೋಜನ್) ಬಂದು ಸೇರಿರುತ್ತೆ, ಹಂಗಾಗಿ ಪ್ಲಸ್ 1.

ನಂಬಿಕೆ ಬರ್ಲಿಲ್ವಾ, ಎಣಿಸು. ನಾಲ್ಕು ಆಕ್ಸಿಜನ್ ಸುತ್ತ ಎಂಟೆಂಟು ಎಲೆಕ್ಟ್ರಾನ್ ತುಂಬೋಕೆ 32 ಬೇಕು. ಸಲ್ಫರ್ ತರೋದು 6, ಆಕ್ಸಿಜನ್‌ಗಳು ತರೋದು 24, ಒಟ್ಟು 30. ಕಮ್ಮಿ ಬಿದ್ದ ಎರಡು ಹೊರಗಿಂದ ಬಂದಿವೆ.

ಒಂದು ಕಡೆ ಹುಷಾರು. ಫಾಸ್ಫೋರಸ್ ಆ್ಯಸಿಡ್ ಎಚ್₃ಪಿಓ₃ ನೋಡಿ ಮೂರು ಅಂತ ಬರೀಬೇಡ, ಅದರಲ್ಲಿ ಒಂದು ಹೈಡ್ರೋಜನ್ ನೇರವಾಗಿ ಫಾಸ್ಫರಸ್‌ಗೆ ಅಂಟಿರುತ್ತೆ, ಅದು ಬಿಟ್ಟು ಹೋಗಲ್ಲ, ಹೋಗೋದು ಆಕ್ಸಿಜನ್‌ಗೆ ಅಂಟಿರೋ ಎರಡೇ. ಹಂಗೇ ಮೆಕ್ಕೆಜೋಳಕ್ಕೆ ಹಾಕೋ ಗೊಬ್ಬರ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್), ಅದರಲ್ಲಿ ಫಾಸ್ಫಾರಿಕ್ ಆ್ಯಸಿಡ್ ಬಿಟ್ಟಿರೋದು ಎರಡೇ ಹೈಡ್ರೋಜನ್, ಅದಕ್ಕೇ ಎರಡು ಅಮೋನಿಯಂ, ಹೆಸರಲ್ಲಿರೋ ‘ಡೈ’ ಅದೇ.

ಇನ್ನು ಈ ‘ಆಕ್ಸಿಜನ್ ಸಂಖ್ಯೆಯಲ್ಲಿ ಎರಡು ಕಳಿ, ಚಾರ್ಜ್ ಬಂತು’ ಅನ್ನೋ ಟ್ರಿಕ್, ಹುಡುಗರ ನೋಟ್‌ಬುಕ್‌ನಲ್ಲಿ ನೋಡಿದಾಗೆಲ್ಲ ಸಿಟ್ಟು ಬರುತ್ತೆ. ಸಲ್ಫೇಟ್, ನೈಟ್ರೇಟ್‌ಗೆ ಹೆಂಗೋ ಸರಿ ಬೀಳುತ್ತೆ, ಕಾರ್ಬೊನೇಟ್‌ಗೆ ಹಾಕಿ ನೋಡ್ರಿ, 1 ಅನ್ನುತ್ತೆ, ಇರೋದು 2. ಫಾಸ್ಫೇಟ್‌ಗೂ ತಪ್ಪು. ಇಂಥದ್ದನ್ನ ದುಡ್ಡು ತಗೊಂಡು ಹೇಳ್ಕೊಡೋರು ಮಕ್ಕಳ ಮಾರ್ಕ್ಸ್ ತಿಂತಿದಾರೆ.

ಪ್ರಶ್ನೆ: ಸಲ್ಫೈಟ್‌ನಲ್ಲಿ ಒಂದು ಆಕ್ಸಿಜನ್ ಕಮ್ಮಿ, ಚಾರ್ಜೂ ಕಮ್ಮೀನಾ?
ಇಲ್ಲ. ಅದಕ್ಕೂ 2.

ಪ್ರಶ್ನೆ: ಮೈಲುತುತ್ತದಲ್ಲಿ (ಕಾಪರ್ ಸಲ್ಫೇಟ್) ಕಾಪರ್ ವೇಲೆನ್ಸಿ ಎಷ್ಟು?
ಸಲ್ಫೇಟ್ 2 ಅಂತ ಗೊತ್ತಾದ್ಮೇಲೆ ಇದೇನು ಪ್ರಶ್ನೆ, 2. ಅಡಿಕೆ ತೋಟಕ್ಕೆ ತಂದಿಟ್ಟಿದ್ದನ್ನ ಬರಿಗೈಲಿ ಮುಟ್ಟಿ ನೋಡೋಕೆ ಹೋಗ್ಬೇಡ್ರಿ ಮತ್ತೆ.

ಪ್ರಶ್ನೆ: ಕ್ಯಾಲ್ಸಿಯಂ ನೈಟ್ರೇಟ್‌ಗೆ ಬ್ರಾಕೆಟ್ ಬೇಕೇ ಬೇಕಾ?
ಬೇಕೇ ಬೇಕು, ಸಿಎ(ಎನ್‌ಓ₃)₂ ಅಂತಾನೇ ಬರೀಬೇಕು. ಬಿಟ್ರೆ 3ರ ಪಕ್ಕ 2 ಕೂತು ಮೂವತ್ತೆರಡು ಆಕ್ಸಿಜನ್ ಆಗುತ್ತೆ, ಅದಕ್ಕೆ ನಾನಂತೂ ಅರ್ಧ ಮಾರ್ಕೂ ಕೊಡಲ್ಲ.