ನೋಟ್ಸ್ ಚೆಂದ, ಓದು ಬರಲ್ಲ

ಯಾದಗಿರಿ ಹತ್ತಿರದ ತಾಂಡಾದ ಹುಡುಗಿ, ಆರನೇ ಕ್ಲಾಸು. ಹೆಸರು ಬದಲಿಸಿದ್ದೇನೆ, ಸೀತಾ ಅನ್ನೋಣ. ತಾಯಿ, ಟೀಚರ್ ಇಬ್ಬರೂ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಬೋರ್ಡ್ ಮ್ಯಾಲಿಂದು ಮುತ್ತು ಪೋಣಿಸಿದಂಗ ಬರೀತಾಳ್ರೀ ಮೇಡಂ, ಓದು ಅಂದ್ರ ಬಾಯಿ ಬಿಚ್ಚಂಗಿಲ್ಲ" ಅಂದರು ಟೀಚರ್. ಹಟಮಾರಿ ಅನ್ನೋದು ಅವರ ಅನುಮಾನ.

ಇಬ್ಬರನ್ನೂ ಹೊರಗೆ ಕೂರಿಸಿ, ಬಸ್ಸಿನ ಬೋರ್ಡಿನಲ್ಲಿರುವ ಊರುಗಳನ್ನು ಬರೆದು ಅವಳ ಮುಂದಿಟ್ಟೆ. ಯಾದಗಿರಿ, ಸುರಪುರ, ಶಹಾಪುರ ಸಲೀಸಾಗಿ ಓದಿದಳು. ಚಿತ್ತಾಪುರ ಬಂದಾಗ ನಿಂತಳು, ಆಮೇಲೆ "ಚಿತಾಪುರ" ಅಂದಳು. "ಅಕ್ಕ ರೊಟ್ಟಿ ತಟ್ಟಿದಳು" ಅಂತ ಹೇಳಿ ಬರೆಸಿದರೆ "ಅಕ ರೊಟಿ ತಟಿದಳು" ಅಂತ ಬರೆದಳು. ಅಕ್ಷರ ಬರುತ್ತೆ, ಗುಣಿತ ಮುಕ್ಕಾಲು ಬರುತ್ತೆ, ಒತ್ತಕ್ಷರ ಮಾತ್ರ ಪೂರ್ತಿ ಖಾಲಿ. ಹಟ ಎಲ್ಲಿಂದ ಬಂತು? ನಲಿಕಲಿ ವರ್ಷಗಳಲ್ಲೇ, ಅಂದರೆ ಒಂದರಿಂದ ಮೂರನೇ ಕ್ಲಾಸಿನೊಳಗೇ, ಅಪ್ಪ ಅವ್ವನ ಜೊತೆ ಪುಣೆಗೆ ಗುಳೆ ಹೋಗಿದ್ದಾಳೆ, ಒತ್ತಕ್ಷರ ಕಲಿಸುವಾಗ ಅವಳು ಊರಲ್ಲೇ ಇರಲಿಲ್ಲ. ಮನೆಮಾತು ಗೋರಬೋಲಿ, ಅಂದರೆ ಲಂಬಾಣಿ ಭಾಷೆ, ಹಾಗಾಗಿ ಅರ್ಧ ಓದಿ ಉಳಿದದ್ದನ್ನು ಅರ್ಥದಿಂದ ಊಹಿಸುವ ದಾರಿಯೂ ಅವಳಿಗಿಲ್ಲ, ಅಲ್ವಾ?

ಟೀಚರಿಗೆ ಹೇಳಿದ್ದು ಇಷ್ಟು. ಬೋರ್ಡ್ ನೋಡಿ ಬರೆಯೋದನ್ನು ಕಡಿಮೆ ಮಾಡಿಸಿ, ಅದು ಕೈಗೆ ಕೆಲಸ ಅಷ್ಟೇ. ದಿನಾ ಸ್ವಲ್ಪ ಹೊತ್ತು ಒತ್ತಕ್ಷರಕ್ಕೇ ಇಡಿ. ಮೊದಲು ಅಕ್ಕ, ಹಗ್ಗ, ರೊಟ್ಟಿ; ಇಲ್ಲಿ ಒತ್ತು ಮೂಲ ಅಕ್ಷರದಂತೆಯೇ ಕಾಣುತ್ತದೆ. ಆಮೇಲೆ ತ, ನ, ಮ, ಯ, ರ, ಲ. ಇವುಗಳ ಒತ್ತಿನ ರೂಪವೇ ಬೇರೆ, ಒಂದೊಂದಾಗಿ ಕಲಿಸಬೇಕು. ಸೂರ್ಯ, ವರ್ಷದಂಥ ಅರ್ಕಾವೊತ್ತು ಕೊನೆಗೆ, ಯಾಕಂದ್ರೆ ಬಾಯಲ್ಲಿ ಮೊದಲು ಬರುವ 'ರ್' ಬರವಣಿಗೆಯಲ್ಲಿ ಹಿಂದೆ ಹೋಗಿ ಕೂರುತ್ತದೆ, ದೊಡ್ಡ ಮಕ್ಕಳೂ ಎಡವುತ್ತಾರೆ. ಓದುವಾಗ ನೀವು ಮೊದಲು ಓದಿ, ನಂತರ ಇಬ್ಬರೂ ಸೇರಿ, ಆಮೇಲೆ ಅವಳೊಬ್ಬಳೇ. ಇಡೀ ಕ್ಲಾಸಿನ ಮುಂದೆ ಮಾತ್ರ ಈಗಲೇ ಓದಿಸಬೇಡಿ. ಬರೆಯೋಕೆ ಅವಳದೇ ಮಾತು ಕೊಡಿ, "ಯಾಡಿ ಬಾಟಿ ಮಾಡಿದಳು" (ಅವ್ವ ರೊಟ್ಟಿ ಮಾಡಿದಳು) ಅಂತ ಬರೆದರೂ ಅದು ಬರವಣಿಗೆಯೇ. ಎಲ್ಲ ತಪ್ಪಿಗೂ ಕೆಂಪು ಗೆರೆ ಬೇಡ, ಆ ವಾರ ಕಲಿಸಿದ ಒತ್ತನ್ನಷ್ಟೇ ತಿದ್ದಿ.

ದಡ್ಡಿ ಅನ್ನಬೇಡಿ ಅಂತ ಇಬ್ಬರಿಗೂ ಗಟ್ಟಿಯಾಗಿಯೇ ಹೇಳಿದೆ. ಕಣ್ಣು, ಕಿವಿ ಒಮ್ಮೆ ತೋರಿಸಿ. ಇಷ್ಟು ಮಾಡಿಯೂ ಮುಂದೆ ಸಾಗದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸೋಣ, ಈಗಲೇ ಬೇಡ.

ತಾಯಿ, "ನಾ ಅಕ್ಷರ ಕಲಿತಾಕಿ ಅಲ್ರೀ, ಏನ್ ಮಾಡ್ಲಿ?" ಅಂದರು. ರಾತ್ರಿ ಒಂದು ಪುಟ ಓದಿಸಿ ಕೇಳಿ, ಸುಮ್ನೆ ಕೇಳಿದರೆ ಸಾಕು ಅಂದೆ. ಈ ಸಲ ಗುಳೆ ಹೋದರೆ ಅಜ್ಜಿ ಹತ್ತಿರ ಬಿಡಿ. ಕರೆದುಕೊಂಡೇ ಹೋಗಬೇಕಾದರೆ ಹೆಡ್ ಮಾಸ್ತರರ ಹತ್ತಿರ ಟಿಸಿ ಕೇಳಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ತಕ್ಷಣ ಕೊಡಬೇಕು. ಟಿಸಿ ತಡವಾಯಿತು ಅಂತ ಅಲ್ಲಿನ ಶಾಲೆಯವರೂ ಸೇರಿಸಿಕೊಳ್ಳದೆ ಇರುವಂತಿಲ್ಲ.